ಬೇಟೆಯ ಕಾಡು, ಕರಡಿಯ ಬೀಡು

ಹಂಪೆಗೆ ಹೋಗುವವರು ಸಾಮಾನ್ಯವಾಗಿ ಕಲ್ಲನ್ನು ನೋಡಿಕೊಂಡು ಬರುತ್ತಾರೆ. ವಿರೂಪಾಕ್ಷನ ಗೋಪುರ, ವಿಠ್ಠಲನ ಗುಡಿಯ ಕಲ್ಲಿನ ರಥ, ಉಗ್ರನರಸಿಂಹ, ಮಹಾನವಮಿ ದಿಬ್ಬ, ಕಮಲಮಹಲು, ಗಜಶಾಲೆ, ಇಷ್ಟನ್ನು ಒಂದು ಹಗಲಿನಲ್ಲಿ ಸುತ್ತಿ ಸಂಜೆಗೆ ಹೊಸಪೇಟೆಯಲ್ಲಿ ರೈಲು ಹಿಡಿದರೆ ಯಾತ್ರೆ ಪೂರೈಸಿದಂತೆ. ಹಂಪೆಯಿಂದ ಹದಿನೈದು ಕಿಲೋಮೀಟರು ಆಚೆಗೆ, ಕಮಲಾಪುರವನ್ನು ದಾಟಿ ದರೋಜಿಯ ಕಡೆಗೆ ನಡೆದರೆ, ಅದೇ ಬಂಡೆ, ಅದೇ ಗುಡ್ಡ; ಆದರೆ ಅಲ್ಲಿ ಗುಡಿಯಿಲ್ಲ, ಗೋಪುರವಿಲ್ಲ. ಮುಳ್ಳುಕಂಟಿಯ ಕುರುಚಲು ಕಾಡು ಮಾತ್ರ ಉಂಟು. ಅದು ಕರಡಿಗಳಿಗಾಗಿಯೇ ಮೀಸಲಾದ ವನ್ಯಧಾಮ. ನೋಡುವವರು ಇದನ್ನು ಹಂಪೆಯ ಯಾತ್ರೆಗೆ ಅಂಟಿಸಿದ ಒಂದು ವಿನೋದವೆಂದು ಎಣಿಸುತ್ತಾರೆ; ಚರಿತ್ರೆಗೂ ಇದಕ್ಕೂ ಸಂಬಂಧವಿಲ್ಲವೆಂದು ಭಾವಿಸುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ವಿಜಯನಗರದ ಕಥೆ ಮೊದಲಾಗುವುದೇ ಕಾಯ್ದಿಟ್ಟ ಒಂದು ಕಾಡಿನಿಂದ.

ಮೊಲವು ನಾಯಿಯನ್ನು ಅಟ್ಟಿಸಿಕೊಂಡು ಹೋದ ಕಥೆಯನ್ನು ಕೇಳದ ಕನ್ನಡ ಮಗುವಿಲ್ಲ. ಆ ಕಥೆಯನ್ನು ಬರೆಹಕ್ಕಿಳಿಸಿದವರಲ್ಲಿ ಫೆರ್ನಾವೊ ನೂನಿಜ್ ಎಂಬ ಪೋರ್ಚುಗೀಸನು ಮುಖ್ಯನಾದವನು. ೧೫೩೫ರ ಸುಮಾರಿನಲ್ಲಿ ವಿಜಯನಗರದಲ್ಲಿದ್ದ ಈತನ ವೃತ್ತಾಂತವನ್ನು ರಾಬರ್ಟ್ ಸಿವೆಲ್ಲರು ಇಂಗ್ಲಿಷಿಗೆ ತಂದು ೧೯೦೦ರಲ್ಲಿ ಅಚ್ಚುಹಾಕಿಸಿದರು. ಆನೆಗೊಂದಿಯ ಅರಸನು ಹೊಳೆ ದಾಟಿ ಬೇಟೆಗೆ ಬಂದನು. ಮೊಲವೊಂದು ಎದ್ದು ಓಡುವ ಬದಲು ನಾಯಿಗಳ ಮೇಲೆಯೇ ಬಿದ್ದು ಅವನ್ನು ಕಚ್ಚಿತು. ಅರಸನು ಬೆರಗಾಗಿ ಹಿಂತಿರುಗುವಾಗ ಹೊಳೆಯ ದಡದಲ್ಲಿ ತಪಸ್ವಿಯೊಬ್ಬನನ್ನು ಕಂಡನು. ಮುಂದಿನದು ಎಲ್ಲರಿಗೂ ಗೊತ್ತು. ನಾವು ಮೊಲದ ಮೇಲೆಯೇ ಕಣ್ಣಿಟ್ಟು, ಅದಕ್ಕೆ ಮುಂಚಿನ ಒಂದು ಮಾತನ್ನು ಬಿಟ್ಟುಬಿಟ್ಟಿದ್ದೇವೆ. ಈಗ ಪಟ್ಟಣವಿರುವ ಈ ಸ್ಥಳವು ಆಗ ಜನವಸತಿಯಿಲ್ಲದ ಬೇಟೆಯ ನೆಲವಾಗಿತ್ತು, ಅದನ್ನು ಅರಸನು ತನ್ನ ವಿನೋದಕ್ಕಾಗಿ ಕಾದಿರಿಸಿಕೊಂಡಿದ್ದನು ಎಂದು ನೂನಿಜ್ ಹೇಳುತ್ತಾನೆ. ಆ ನಾಯಿಗಳು ಹಿಂದೆ ಹುಲಿಯನ್ನೂ ಸಿಂಹವನ್ನೂ ಹಿಡಿದುಕೊಟ್ಟಿದ್ದುವೆಂದು ಅವನು ಬರೆಯುವಾಗ ನಾವು ನಗಬಹುದು. ಅವನು ಕೊಡುವ ಇಸವಿಗಳೂ ನೂರು ವರ್ಷ ಹಿಂದುಮುಂದಾಗಿವೆ. ಆದರೂ ಈ ನೆಲವು ಊರಾಗುವ ಮುಂಚೆ ಅರಸರ ಕಾವಲುಗಾಡಾಗಿತ್ತೆಂಬ ನೆನಪು ಪಟ್ಟಣ ಹುಟ್ಟಿ ಇನ್ನೂರು ವರ್ಷವಾದ ಮೇಲೂ ಅಲ್ಲಿನ ಜನದ ಬಾಯಲ್ಲಿ ಉಳಿದಿತ್ತೆಂಬುದು ಗಮನಿಸತಕ್ಕ ಮಾತು.

ಬೇಟೆಯೆಂದರೆ ಬರಿಯ ವಿನೋದವೇ? ನಮ್ಮ ಕವಿಗಳನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ. ಪಟ್ಟಣ ಹುಟ್ಟುವುದಕ್ಕೆ ನೂರು ವರ್ಷಕ್ಕೂ ಹಿಂದೆ, ಹಂಪೆಯ ಹರಿಹರನ ಸೋದರಳಿಯನಾದ ರಾಘವಾಂಕನು ‘ಹರಿಶ್ಚಂದ್ರಕಾವ್ಯ’ವನ್ನು ಬರೆದನು. ಅಲ್ಲಿ ಹರಿಶ್ಚಂದ್ರನು ತಾನಾಗಿ ಹೊತ್ತುಕಳೆಯಲು ಕಾಡಿಗೆ ಹೋಗುವುದಿಲ್ಲ. ವಿಶ್ವಾಮಿತ್ರನು ಹುಟ್ಟಿಸಿದ ಮೃಗಪಕ್ಷಿಗಳು ನಾಡಿನ ಬೆಳೆಯನ್ನೆಲ್ಲ ತಿಂದು ತುಳಿದು ಹಾಳುಮಾಡುತ್ತವೆ. ಒಕ್ಕಲುಮಕ್ಕಳು ಅರಸನ ಮುಂದೆ ಬಂದು ದೂರಿಕೊಳ್ಳುತ್ತಾರೆ. ಆಗ ಬೇಟೆಯು ಅರಸನ ಕರ್ತವ್ಯವಾಗುತ್ತದೆ. ಬೆಳೆಯನ್ನು ಕಾಯದವನು ಕಂದಾಯ ಕೇಳುವುದು ಹೇಗೆ? ಕಾವ್ಯದ ನಡೆಗೆ ಇದು ವಿಶ್ವಾಮಿತ್ರನ ಹೂಟದ ಒಂದು ಮೆಟ್ಟಿಲು, ನಿಜ. ಆದರೆ ತುಂಗಭದ್ರೆಯ ದಡದ ಹೊಲಗದ್ದೆಗಳನ್ನು ಕಂಡ ಕವಿಗೆ ಈ ದೂರು ಎಲ್ಲಿಂದ ಬಂತೆಂಬುದನ್ನು ಊಹಿಸುವುದು ಕಷ್ಟವಲ್ಲ. ಕಾಡಿನಂಚಿನಲ್ಲಿ ಉಳುವವನಿಗೂ ಕಾಡನ್ನಾಳುವವನಿಗೂ ನಡುವೆ ಇರುವ ಈ ಲೆಕ್ಕವು ಇನ್ನೂ ಚುಕ್ತವಾಗಿಲ್ಲ. ಮುಂದೆ ಅದರ ಮಾತು ಬರುತ್ತದೆ.

ಅರಸರಿಗೆ ಕಾಡು ಬೇಟೆಯ ನೆಲ ಮಾತ್ರವಲ್ಲ, ಕೋಟೆಯೂ ಆಗಿತ್ತು. ಕಂಪಿಲರಾಯನೂ ಅವನ ಮಗ ಗಂಡುಗಲಿ ಕುಮಾರರಾಮನೂ ದೆಹಲಿಯ ಸೈನ್ಯವನ್ನು ಎದುರಿಸಿ ನಿಂತುದು ಕುಮ್ಮಟ, ಹೊಸಮಲೆಗಳಂಥ ಗಿರಿದುರ್ಗಗಳನ್ನು ನಂಬಿ. ೧೩೨೭ರಲ್ಲಿ ಆ ರಾಜ್ಯ ಮುರಿದುಬಿದ್ದರೂ ಗುಡ್ಡಗಾಡೇ ಕಾಪೆಂಬ ಪಾಠ ಉಳಿಯಿತು. ಕೃಷ್ಣದೇವರಾಯನು ತನ್ನ ತೆಲುಗು ಕಾವ್ಯವಾದ ‘ಆಮುಕ್ತಮಾಲ್ಯದ’ದಲ್ಲಿ ರಾಜನೀತಿಯನ್ನು ಹೇಳುವಾಗ, ಗಡಿಯ ಕೋಟೆಗಳ ಬಳಿಯ ಅರಣ್ಯವನ್ನು ಬೆಳೆಸಬೇಕು, ನಾಡಿನ ನಡುವಣ ಅರಣ್ಯವನ್ನು ಕಡಿಸಬೇಕು, ಇಲ್ಲದಿದ್ದರೆ ಕಳ್ಳರ ಕಾಟ ತಪ್ಪದು ಎಂಬ ಅಭಿಪ್ರಾಯವನ್ನು ಕೊಡುತ್ತಾನೆ. ಕಾಡನ್ನು ಕಾಡಿಗಾಗಿ ಉಳಿಸುವ ಮಾತು ಇಲ್ಲಿಲ್ಲ. ಮರವೆಂದರೆ ಬೇಲಿ, ಮೃಗವೆಂದರೆ ಬೇಟೆ. ಇದು ಆ ಕಾಲದ ದೃಷ್ಟಿ. ಅದನ್ನು ಈಗಿನ ಅಳತೆಗೋಲಿನಿಂದ ಅಳೆಯುವುದು ತರವಲ್ಲ.

ಈ ದೃಷ್ಟಿಯನ್ನು ಕಲ್ಲಿನಲ್ಲಿ ನೋಡಬೇಕಾದರೆ ಮಹಾನವಮಿ ದಿಬ್ಬದ ಸುತ್ತ ಒಮ್ಮೆ ನಿಧಾನವಾಗಿ ನಡೆಯಬೇಕು. ಜನರು ಮೆಟ್ಟಿಲು ಹತ್ತಿ ಮೇಲೆ ನಿಂತು ಗಾಳಿಗೊಡ್ಡಿಕೊಳ್ಳುವ ಆತುರದಲ್ಲಿ ದಿಬ್ಬದ ಮೈಮೇಲಿನ ಪಟ್ಟಿಕೆಗಳನ್ನು ನೋಡುವುದೇ ಇಲ್ಲ. ಆನೆ, ಕುದುರೆ, ಒಂಟೆ, ಕುಣಿಯುವ ಹೆಣ್ಣುಗಳ ನಡುವೆ ಬೇಟೆಯ ದೃಶ್ಯಗಳಿವೆ: ಬೇಟೆಗಾರರು, ನಾಯಿಗಳು, ಓಡುವ ಜಿಂಕೆಗಳು. ಶಿಲ್ಪಿಯು ಗುಡಿಯ ದೇವರಿಗೆ ಮೀಸಲಿಡುವ ಬಿಗಿಯನ್ನು ಇಲ್ಲಿ ಸಡಿಲಿಸಿದ್ದಾನೆ. ಓಡುವ ಪ್ರಾಣಿಯನ್ನು ಕಣ್ಣಾರೆ ಕಂಡವನ ಕೈ ಅದು.

ಇನ್ನು ಬೇಟೆಯಾಡಿ ತಂದುದು ಎಲ್ಲಿಗೆ ಹೋಯಿತು? ಇದಕ್ಕೆ ಡೊಮಿಂಗೊ ಪಾಯೆಸ್ ಎಂಬ ಇನ್ನೊಬ್ಬ ಪೋರ್ಚುಗೀಸನ ಸಾಕ್ಷ್ಯ ಉಂಟು. ಈತನು ಬಂದುದು ೧೫೨೦ರ ಸುಮಾರಿನಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ. ಮುತ್ತುರತ್ನಗಳ ಅಂಗಡಿಗಳನ್ನು ವರ್ಣಿಸಿದ ಇವನ ಮಾತುಗಳನ್ನು ನಮ್ಮ ಪಠ್ಯಪುಸ್ತಕಗಳೆಲ್ಲ ಎತ್ತಿಕೊಂಡಿವೆ. ಹಕ್ಕಿಯ ಸಂತೆಯನ್ನು ಕುರಿತ ಮಾತುಗಳನ್ನು ಏಕೋ ಕೈಬಿಟ್ಟಿವೆ. ಮೂರು ಬಗೆಯ ಗೌಜಲಹಕ್ಕಿಗಳು, ಲಾವುಗೆಗಳು, ಮೊಲಗಳು, ನಾನಾ ವಿಧದ ಕಾಡುಹಕ್ಕಿಗಳು, ಕೆರೆಯಲ್ಲಿದ್ದು ಹಂಸಬಾತಿನಂತೆ ಕಾಣುವ ನೀರುಹಕ್ಕಿಗಳು ಎಲ್ಲವೂ ಜೀವಂತವಾಗಿ ಮಾರಾಟವಾಗುತ್ತಿದ್ದುವು; ಒಂದು ನಾಣ್ಯಕ್ಕೆ ಆರೋ ಎಂಟೋ ಗೌಜಲಹಕ್ಕಿ, ಹನ್ನೆರಡೋ ಹದಿನಾಲ್ಕೋ ಬೆಳವನಹಕ್ಕಿ; ಸಣ್ಣಪುಟ್ಟ ಹಕ್ಕಿಗಳನ್ನಂತೂ ಎಣಿಸುವ ಗೋಜಿಗೇ ಯಾರೂ ಹೋಗುತ್ತಿರಲಿಲ್ಲ. ಹದಿನೈದು ವರ್ಷಗಳ ಮೇಲೆ ನೂನಿಜನೂ ಇದನ್ನೇ ಹೇಳಿ, ಕೊಳ್ಳುವವನಿಗೆ ತಾನು ಕೊಂಡದ್ದು ಏನೆಂದು ಗೊತ್ತಾಗಲೆಂದೇ ಎಲ್ಲವನ್ನೂ ಜೀವಂತವಾಗಿ ಮಾರಬೇಕಾಗಿತ್ತೆಂದು ಕಾರಣವನ್ನೂ ಕೊಡುತ್ತಾನೆ.

ಈ ಪಟ್ಟಿಯನ್ನು ಓದುವಾಗ ಒಂದು ವಿಷಯ ಹೊಳೆಯುತ್ತದೆ. ಗೌಜಲು, ಲಾವುಗೆ, ಮೊಲ, ಬೆಳವ ಇವು ದಟ್ಟಡವಿಯ ಜೀವಿಗಳಲ್ಲ; ಹೊಲದಂಚು, ಹುಲ್ಲು, ಕುರುಚಲು ಇರುವಲ್ಲಿ ಬಾಳುವಂಥವು. ನೀರುಹಕ್ಕಿಗಳಂತೂ ಮನುಷ್ಯರು ಕಟ್ಟಿದ ಕೆರೆಗಳಿಗೆ ಬಂದವು. ಹೊಸಪೇಟೆಯ ಬಳಿ ಎರಡು ಗುಡ್ಡಗಳ ನಡುವೆ ರಾಯನು ಕಟ್ಟಿಸಿದ ಕೆರೆಯ ಕೆಲಸವನ್ನು ಪಾಯೆಸನು ಕಣ್ಣಾರೆ ಕಂಡನು. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳಂತೆ ಮುತ್ತಿಕೊಂಡಿದ್ದುದರಿಂದ ಅವರು ನಿಂತ ನೆಲವೇ ಕಾಣುತ್ತಿರಲಿಲ್ಲವಂತೆ. ಆ ಕೆರೆ ಈಗ ಬತ್ತಿದೆ. ಆದರೆ ಕಮಲಾಪುರದ ಕೆರೆ ಉಳಿದಿದೆ. ರಾಯರ ಕಾಲದ ಕಾಲುವೆಗಳು ಇಂದಿಗೂ ಬಾಳೆಗೂ ಕಬ್ಬಿಗೂ ಬತ್ತಕ್ಕೂ ನೀರುಣಿಸುತ್ತಿವೆ. ಹಂಪೆಯ ಸುತ್ತಿನ ಕಾಡನ್ನು ಆದಿಕಾಲದಿಂದ ಮನುಷ್ಯನ ಕೈಸೋಕದೆ ನಿಂತ ಅರಣ್ಯವೆಂದು ತಿಳಿಯಬಾರದು. ಕೊಡಲಿ, ಕುರಿಮಂದೆ, ಕಾಲುವೆ ಎಲ್ಲವೂ ಅದರ ಮೈಮೇಲೆ ಹಾದುಹೋಗಿವೆ.

೧೫೬೫ರಲ್ಲಿ ಪಟ್ಟಣ ಬಿತ್ತು. ಎರಡು ವರ್ಷಗಳ ಮೇಲೆ, ೧೫೬೭ರಲ್ಲಿ, ಸೀಸರ್ ಫ್ರೆಡರಿಕ್ ಎಂಬ ವೆನಿಸಿನ ವ್ಯಾಪಾರಿ ಇಲ್ಲಿಗೆ ಬಂದು ಏಳು ತಿಂಗಳು ಇದ್ದನು. ಊರು ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತಿವೆ, ಆದರೆ ಅವು ಬರಿದಾಗಿವೆ, ಹುಲಿ ಮೊದಲಾದ ಕಾಡುಮೃಗಗಳಲ್ಲದೆ ಅವುಗಳಲ್ಲಿ ಬೇರೆ ಯಾರೂ ವಾಸವಾಗಿಲ್ಲವೆಂದು ಹೇಳುತ್ತಾರೆ ಎಂದು ಅವನು ಬರೆದಿಟ್ಟನು. ಕೇಳಿದ ಮಾತೆಂದು ಅವನೇ ಒಪ್ಪಿಕೊಂಡಿದ್ದಾನೆ. ಒಂದಿಷ್ಟು ಅತಿಶಯವಿದ್ದರೂ ಇರಬಹುದು. ಆದರೂ ಎರಡೇ ಮಳೆಗಾಲಗಳಲ್ಲಿ ಮೃಗಗಳು ಮರಳಿ ಬಂದ ಸುದ್ದಿ ಹಬ್ಬಬೇಕಾದರೆ ಅವು ದೂರವೇನೂ ಹೋಗಿರಲಿಲ್ಲವೆಂದಾಯಿತು. ಗೋಡೆಯ ಆಚೆ, ಗುಡ್ಡದ ಮರೆಯಲ್ಲಿ ಅವು ಇನ್ನೂರು ವರ್ಷವೂ ಇದ್ದುವು. ೧೮೫೬ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ ತೆಗೆದ ಹಂಪೆಯ ಛಾಯಾಚಿತ್ರಗಳನ್ನು ನೋಡಿದವರಿಗೆ ಗೊತ್ತು, ಗೋಪುರದ ಬಿರುಕುಗಳಲ್ಲೂ ಮಂಟಪದ ಮಾಡಿನ ಮೇಲೂ ಗಿಡಗಂಟಿಗಳು ಹೇಗೆ ಮನೆಮಾಡಿದ್ದುವೆಂಬುದು.

ಹೀಗೆ ಮರಳಿದ ಕಾಡಿನಲ್ಲಿ ಬಂಡೆಗಳ ನಿಜವಾದ ಒಡೆಯನೆಂದರೆ ಕರಡಿ. ಹಂಪೆಯ ಗುಡ್ಡಗಳಲ್ಲಿ ಬಂಡೆಯ ಮೇಲೆ ಬಂಡೆ ಕೂತು ಸಾವಿರಾರು ಗವಿಗಳಾಗಿವೆ. ಬೇಸಗೆಯಲ್ಲಿ ಹೊರಗೆ ಬೆಂಕಿ ಸುರಿಯುವಾಗ ಅವುಗಳೊಳಗೆ ತಂಪು. ಉದ್ದ ಕೂದಲಿನ ಕರಿಮೈಯ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ದೊರೆಯಬೇಕು? ಅದರ ಮುಖ್ಯ ಆಹಾರ ಗೆದ್ದಲು, ಇರುವೆ, ಕಾಡುಹಣ್ಣು, ಜೇನು. ಮೇಲ್ದವಡೆಯ ಮುಂದಿನ ಎರಡು ಹಲ್ಲು ಅದಕ್ಕೆ ಹುಟ್ಟಿನಿಂದಲೇ ಇಲ್ಲ. ಆ ಸಂದಿನಿಂದ ಹುತ್ತದೊಳಗಿನ ಗೆದ್ದಲನ್ನು ಸದ್ದುಮಾಡುತ್ತ ಹೀರಿಕೊಳ್ಳುತ್ತದೆ. ತಾಯಿಕರಡಿ ಮರಿಗಳನ್ನು ಬೆನ್ನಮೇಲೆ ಹೊತ್ತು ತಿರುಗುತ್ತದೆ. ೧೭೯೧ರಲ್ಲಿ ಜಾರ್ಜ್ ಷಾ ಎಂಬ ಇಂಗ್ಲಿಷ್ ವಿದ್ವಾಂಸನು ಇದರ ಉದ್ದ ಉಗುರುಗಳನ್ನು ಕಂಡು ಮೋಸಹೋಗಿ, ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ಜೋತುಬೀಳುವ ‘ಸ್ಲಾತ್’ ಎಂಬ ಮಂದಪ್ರಾಣಿಯ ಕುಲಕ್ಕೆ ಇದನ್ನು ಸೇರಿಸಿಬಿಟ್ಟನು. ಆ ತಪ್ಪಿನ ಗುರುತು ಇದರ ಇಂಗ್ಲಿಷ್ ಹೆಸರಿನಲ್ಲಿ ಇಂದಿಗೂ ಉಳಿದಿದೆ. ನಮ್ಮ ಹಳ್ಳಿಯವನಿಗೆ ಇಂಥ ಭ್ರಾಂತಿ ಎಂದೂ ಆಗಲಿಲ್ಲ. ಅವನ ಪಾಲಿಗೆ ಇದು ಜಾಂಬವನ ಕುಲ. ಆನೆಗೊಂದಿಯ ಸುತ್ತಿನ ಈ ಸೀಮೆಯೇ ಕಿಷ್ಕಿಂಧೆಯೆಂದು ನಂಬಿದ ಜನ ಇಲ್ಲಿನ ಕೋತಿಯನ್ನು ಕಂಡಾಗ ಸುಗ್ರೀವನನ್ನೂ ಕರಡಿಯನ್ನು ಕಂಡಾಗ ಜಾಂಬವನನ್ನೂ ನೆನೆಯುವುದು ಸಹಜವೇ ಆಗಿದೆ.

ಆದರೆ ಈ ಭಕ್ತಿಯು ಕರಡಿಯನ್ನು ಕಾಪಾಡಿತೆಂದು ಹೇಳಲಾರೆ. ಬಂದೂಕು ಬಂದ ಮೇಲೆ ಬೇಟೆ ಸುಲಭವಾಯಿತು. ಸಂಡೂರಿನ ಬೆಟ್ಟಗಳ ಮೇಲೆ, ರಾಮನದುರ್ಗದಲ್ಲಿ, ೧೯ನೆಯ ಶತಮಾನದ ನಡುವಿನಲ್ಲಿ ಬ್ರಿಟಿಷರು ತಮ್ಮ ಸಿಪಾಯಿಗಳಿಗಾಗಿ ಆರೋಗ್ಯಧಾಮವೊಂದನ್ನು ತೆರೆದಿದ್ದರು. ಇನ್ನೊಂದು ಕಡೆ, ಗವಿಗಳಿಂದ ಮರಿಗಳನ್ನು ಕದ್ದು, ಮೂಗು ಚುಚ್ಚಿ ಹಗ್ಗ ಪೋಣಿಸಿ, ಊರೂರಿನಲ್ಲಿ ಕುಣಿಸುವ ಕಸುಬು ನಡೆದೇ ಇತ್ತು. ಕರಡಿ ಕುಣಿಸುವವನು ಬೀದಿಗೆ ಬಂದರೆ, ಮಗುವಿನ ಭಯ ಹೋಗಲೆಂದು ಅದರ ಕೂದಲನ್ನು ತಾಯಿತಕ್ಕೆ ಬೇಡಿದ ಗೃಹಿಣಿಯರು ನಮ್ಮ ಮನೆಗಳಲ್ಲೇ ಇದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆಯೂ ಈ ಕಸುಬು ನಿಲ್ಲಲು ಬಹಳ ಕಾಲ ಹಿಡಿಯಿತು. ಬೀದಿಯ ಕೊನೆಯ ಕರಡಿಯನ್ನು ಅದರ ಒಡೆಯನು ಬಿಟ್ಟುಕೊಟ್ಟುದು ೨೦೦೯ರಲ್ಲಿ.

ದರೋಜಿಯ ವನ್ಯಧಾಮದ ಘೋಷಣೆಯಾದುದು ೧೯೯೪ರ ಅಕ್ಟೋಬರಿನಲ್ಲಿ. ಬಿಳಿಕಲ್ಲು ಅರಣ್ಯದ ೫,೫೮೭ ಹೆಕ್ಟೇರು ಮೊದಲು ಸೇರಿತು; ೨೦೦೯ರಲ್ಲಿ ಬುಕ್ಕಸಾಗರದ ಅರಣ್ಯವೂ ಕೂಡಿ ಒಟ್ಟು ವಿಸ್ತೀರ್ಣ ೮೨.೭೨ ಚದರ ಕಿಲೋಮೀಟರಾಯಿತು. ಬುಕ್ಕರಾಯನ ಹೆಸರು ಹೊತ್ತ ಊರಿನ ಕಾಡು ಹೀಗೆ ಕರಡಿಗಳ ಪಾಲಿಗೆ ಬಂದಿತು. ಮೊಲದ ಬೇಟೆಗಾಗಿ ಅರಸನೊಬ್ಬನು ಕಾದಿರಿಸಿದ ಸೀಮೆಯ ಒಂದು ತುಂಡನ್ನು, ಬೇಟೆಯೇ ನಡೆಯಕೂಡದೆಂದು ಇನ್ನೊಂದು ಸರ್ಕಾರ ಕಾದಿರಿಸಿತು. ಬೇಲಿ ಅದೇ, ಒಳಗಿನ ಅರ್ಥ ತಲೆಕೆಳಗಾಯಿತು.

ಕರಡಿಯ ಹೆಸರಿನಲ್ಲಿ ಉಳಿದುದು ಕರಡಿಯೊಂದೇ ಅಲ್ಲ. ಚಿರತೆ, ಕತ್ತೆಕಿರುಬ, ಕಾಡುಹಂದಿ, ಮುಳ್ಳುಹಂದಿ, ಚಿಪ್ಪುಹಂದಿ, ಉಡ, ಬೆನ್ನಮೇಲೆ ನಕ್ಷತ್ರ ಬರೆದ ಆಮೆ, ಇವೆಲ್ಲ ಅದರ ನೆರಳಿನಲ್ಲಿ ಬದುಕಿಕೊಂಡಿವೆ. ಹಕ್ಕಿ ನೋಡುವವರು ದೂರದೂರದಿಂದ ಇಲ್ಲಿಗೆ ಬರುವುದು ಎರಡು ಹಕ್ಕಿಗಳಿಗಾಗಿ. ಒಂದು, ಮೈಮೇಲೆ ಬಿಳಿಯ ಚುಕ್ಕೆಗಳನ್ನು ಹೊತ್ತು ಬಂಡೆಗಳ ಸಂದಿನಲ್ಲಿ ಗುಬುಗುಬು ಓಡಾಡುವ ಸಣ್ಣ ಕಾಡುಕೋಳಿ. ಇನ್ನೊಂದು, ಹಳದಿ ಕೊರಳಿನ ಪಿಕಳಾರ. ಮದರಾಸು ಸೈನ್ಯದ ವೈದ್ಯನಾಗಿದ್ದ ಜೆರ್ಡನ್ ಎಂಬುವನು ೧೮೪೦ರ ದಶಕದಲ್ಲಿ ಇದನ್ನು ಲೋಕಕ್ಕೆ ಪರಿಚಯಿಸಿದನು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟು ಪ್ರಪಂಚದ ಬೇರೆಲ್ಲಿಯೂ ಅದು ಇಲ್ಲ. ಬಂಡೆ ಒಡೆದು ಜಲ್ಲಿ ಮಾಡಿದಲ್ಲಿ ಅದರ ಮನೆ ಹೋಯಿತು. ಪಾಯೆಸನು ಕಂಡ ಸಂತೆಯಲ್ಲಿ ಎಣಿಕೆಗೂ ಬಾರದಿದ್ದ ಸಣ್ಣಪುಟ್ಟ ಹಕ್ಕಿಗಳಲ್ಲಿ ಇದೂ ಒಂದಾಗಿತ್ತೋ ಏನೋ!

ಈಗ ರಾಘವಾಂಕನ ಒಕ್ಕಲುಮಕ್ಕಳ ಮಾತಿಗೆ ಬರೋಣ. ವನ್ಯಧಾಮದ ಸುತ್ತ ಕಾಡು ಮುಗಿಯುವಲ್ಲೇ ಹೊಲ ಮೊದಲಾಗುತ್ತದೆ. ಶೇಂಗಾ, ಮೆಕ್ಕೆಜೋಳ, ಕಬ್ಬು, ಬಾಳೆ. ಕರಡಿಗೆ ಸರಹದ್ದಿನ ಕಲ್ಲು ತಿಳಿಯದು. ರಾತ್ರಿ ಇಳಿದು ಬಂದು ತಿಂದು, ತಿಂದುದಕ್ಕಿಂತ ಹೆಚ್ಚು ತುಳಿದು ಹೋಗುತ್ತದೆ. ನಸುಕಿನಲ್ಲಿ ಹೊಲಕ್ಕೆ ಹೋದವರು ಅದರ ಉಗುರಿಗೆ ಸಿಕ್ಕಿ ಮುಖ ಹರಿಸಿಕೊಂಡುದೂ ಉಂಟು. ಕಣ್ಣು ಮಂದವಾದ ಪ್ರಾಣಿ, ಹತ್ತಿರ ಬರುವ ತನಕ ಮನುಷ್ಯನನ್ನು ಅರಿಯದು. ಅರಿತೊಡನೆ ಹೆದರಿ ಮೇಲೆ ಬೀಳುತ್ತದೆ. ಹಿಂದೆ ದೂರು ಕೊಟ್ಟರೆ ಅರಸನು ಬೇಡಪಡೆಯೊಡನೆ ಹೊರಡುತ್ತಿದ್ದನು. ಇಂದು ದೂರು ಕೊಟ್ಟರೆ ಪರಿಹಾರದ ಅರ್ಜಿಯ ನಮೂನೆ ಕೈಗೆ ಬರುತ್ತದೆ. ಬೇಟೆ ಹಿಂದಿರುಗಿ ಬರಬೇಕೆಂದು ಯಾರೂ ಹೇಳಲಾರರು. ಆದರೆ ಪಟ್ಟಣದಿಂದ ಕಾರಿನಲ್ಲಿ ಹೋಗಿ, ಕರಡಿ ನೋಡಿ ಸಂತೋಷಪಟ್ಟು ಬರುವ ನಮ್ಮಂಥವರ ಸಂತೋಷದ ಬೆಲೆಯನ್ನು ಅಲ್ಲಿ ಒಂದೆರಡು ಎಕರೆಯವನು ತೆರುತ್ತಿದ್ದಾನೆ. ಕಾಡಿನ ಚರಿತ್ರೆಯನ್ನು ಬರೆಯುವವರು ಹೊಲದ ಚರಿತ್ರೆಯನ್ನೂ ಅದರೊಡನೆ ಬರೆಯದಿದ್ದರೆ ಪುಸ್ತಕ ಅರ್ಧವಾಗುತ್ತದೆ.

ಕರಡಿಗಳಿಗೆ ಅರಣ್ಯ ಇಲಾಖೆಯವರು ಬಂಡೆಗಳಿಗೆ ಬೆಲ್ಲದ ತಿನಿಸನ್ನು ಸವರುವುದುಂಟು. ಅದಕ್ಕಾಗಿಯೇ ಹೊತ್ತು ಇಳಿಯುವ ಮುನ್ನ ಅವು ಗವಿಯಿಂದ ಇಳಿದು ಬರುತ್ತವೆ. ನೋಡುವವರಿಗೆ ದರ್ಶನ ತಪ್ಪುವುದಿಲ್ಲ. ಹೀಗೆ ನೈವೇದ್ಯವಿಟ್ಟು ಕರೆಯುವುದು ಸರಿಯೇ ಎಂಬ ಸಂಶಯ ನನಗೆ ಹೋಗಿಲ್ಲ. ಹುತ್ತ ಕೆದಕಿ ಬಾಳಬೇಕಾದ ಪ್ರಾಣಿಗೆ ಬೆಲ್ಲದ ರುಚಿ ಹತ್ತಿಸಿ, ಪಕ್ಕದಲ್ಲೇ ಕಬ್ಬಿನ ಗದ್ದೆಯನ್ನಿಟ್ಟರೆ, ಅದು ಗದ್ದೆಗೆ ನುಗ್ಗಿತೆಂದು ಹೇಗೆ ದೂರೋಣ?

ದರೋಜಿಯ ಕಾಡಿಗೆ ಬೇಲಿಯುಂಟು, ಕಾವಲುಂಟು. ದಕ್ಷಿಣಕ್ಕೆ ಕಾಣುವ ಸಂಡೂರಿನ ಬೆಟ್ಟಗಳ ಪಾಡು ಬೇರೆ. ಕುಮಾರಸ್ವಾಮಿಯ ಆ ಬೆಟ್ಟಕ್ಕೆ ಲೋಹಾಚಲವೆಂದು ಹಳೆಯ ಹೆಸರು. ಹೆಸರಿಟ್ಟವರಿಗೆ ಮಣ್ಣಿನ ಗುಣ ಗೊತ್ತಿತ್ತು. ಮಳೆಗಾಲ ಕಳೆದಾಗ ಆ ಬೆಟ್ಟಗಳ ಹಸುರನ್ನು ನೋಡಿದವರು ಇದು ಬಳ್ಳಾರಿಯ ಸೀಮೆಯೇ ಎಂದು ಬೆರಗಾಗುತ್ತಾರೆ. ಸಂಡೂರಿನ ಅರಸುಮನೆತನದಲ್ಲಿ ಹುಟ್ಟಿ ರಾಜ್ಯದ ಅರ್ಥಸಚಿವರೂ ಆಗಿದ್ದ ಎಂ. ವೈ. ಘೋರ್ಪಡೆಯವರು (೧೯೩೧–೨೦೧೧) ಬಂದೂಕಿನ ಬದಲು ಕ್ಯಾಮರಾ ಹಿಡಿದು ಕಾಡಿಗೆ ಹೋದವರು. ಅವರ ಕಪ್ಪುಬಿಳುಪಿನ ಚಿತ್ರಗಳ ‘ಸನ್‌ಲೈಟ್ ಅಂಡ್ ಶ್ಯಾಡೋಸ್’ ಗ್ರಂಥ ೧೯೮೩ರಲ್ಲಿ ಹೊರಬಂದಿತು. ಅರಸರ ಬೇಟೆ ಮೂರು ತಲೆಮಾರಿನಲ್ಲಿ ಎಲ್ಲಿಂದ ಎಲ್ಲಿಗೆ ಬಂತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಅದೇ ಮನೆತನದ ಕಂಪೆನಿಯೇ ೧೯೫೪ರಿಂದ ಅದೇ ಬೆಟ್ಟಗಳಲ್ಲಿ ಅದಿರು ತೆಗೆಯುತ್ತ ಬಂದುದೂ ನಿಜ. ಇದನ್ನು ಆಕ್ಷೇಪವಾಗಿ ಹೇಳುತ್ತಿಲ್ಲ. ಸಂಡೂರಿನಲ್ಲಿ ಕಾಡೂ ಅದಿರೂ ಎಷ್ಟು ಒತ್ತಾಗಿ ಒಂದೇ ಮನೆಯಲ್ಲಿ ಬಾಳಿದುವೆಂದು ಮಾತ್ರ ಹೇಳುತ್ತಿದ್ದೇನೆ. ೨೦೦೦ದ ಈಚೆಗೆ ಅದಿರಿನ ಬೆಲೆ ಏರಿದಾಗ ಆ ಒತ್ತು ಮುರಿಯಿತು. ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು, ಮರಗಳ ಮೇಲೆ ಕೆಂಪು ಧೂಳು. ೨೦೧೧ರಲ್ಲಿ ಲೋಕಾಯುಕ್ತರ ವರದಿ ಹೊರಬಿತ್ತು, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ೨೦೧೩ರಲ್ಲಿ ಕಟ್ಟುಪಾಡುಗಳನ್ನು ವಿಧಿಸಿ ಮತ್ತೆ ಬಿಟ್ಟಿತು. ಪಟ್ಟಣ ಹಾಳಾದರೆ ಎರಡು ವರ್ಷದಲ್ಲಿ ಮೃಗಗಳು ಮರಳಿದುವೆಂದು ಫ್ರೆಡರಿಕನು ಬರೆದನು. ಬೆಟ್ಟದ ತಲೆಯನ್ನೇ ಕೊಯ್ದಲ್ಲಿ ಅವು ಮರಳುವುದಕ್ಕೆ ಎಷ್ಟು ವರ್ಷ ಬೇಕೆಂದು ಬರೆಯುವ ಪ್ರವಾಸಿ ಇನ್ನೂ ಬಂದಿಲ್ಲ.

ಹೊಳೆಗೂ ಈಗ ಕಾವಲು ಬಂದಿದೆ. ೨೦೧೫ರಲ್ಲಿ ಮುದ್ಲಾಪುರದಿಂದ ಕಂಪ್ಲಿಯ ತನಕ ತುಂಗಭದ್ರೆಯ ೩೪ ಕಿಲೋಮೀಟರು ಪಾತ್ರವನ್ನು ನೀರುನಾಯಿಗಳಿಗಾಗಿ ಮೀಸಲಿಟ್ಟರು. ಮೀನು ಹಿಡಿಯಲು ಸಿಡಿಮದ್ದು ಎಸೆಯುವವರೂ ಮರಳು ತೋಡುವವರೂ ಅವುಗಳ ಮುಖ್ಯ ಶತ್ರುಗಳು. ತೆಪ್ಪದಲ್ಲಿ ಕುಳಿತು ಹೊಳೆ ದಾಟುವವರು ಬೆಳಗಿನ ಹೊತ್ತು ಬಂಡೆಗಳ ಕಡೆ ಕಣ್ಣಿಟ್ಟರೆ, ಹಿಂಡಾಗಿ ತಲೆಯೆತ್ತಿ ನೋಡಿ ಮುಳುಗುವ ಆ ನುಣುಪು ಮೈಗಳನ್ನು ಕಾಣಬಹುದು.

ದರೋಜಿಯ ವನ್ಯಧಾಮಕ್ಕೆ ಹೋಗಬೇಕೆನ್ನುವವರು ಬೆಳಗ್ಗೆ ಕಮಲಾಪುರದ ಕೆರೆಯ ದಂಡೆ, ಮಧ್ಯಾಹ್ನದ ಮೇಲೆ ಕರಡಿಕಲ್ಲು ಗುಡ್ಡದ ಎದುರಿನ ವೀಕ್ಷಣಾಗೋಪುರ ಎಂದು ಗೊತ್ತುಮಾಡಿಕೊಳ್ಳುವುದು ಲೇಸು. ದೂರದರ್ಶಕ ಇದ್ದರೆ ಜೊತೆಗಿರಲಿ, ಏಕೆಂದರೆ ಕರಡಿಯೂ ಬಂಡೆಯ ನೆರಳೂ ಒಂದೇ ಬಣ್ಣ. ಗೋಪುರದ ಮೇಲೆ ಮಾತಾಡಬಾರದು. ಮೊದಲು ನವಿಲುಗಳು ಬರುತ್ತವೆ, ಅನಂತರ ಮುಂಗುಸಿ, ಬೆಲ್ಲ ಕದಿಯಲು; ಬಿಸಿಲು ಬಂಡೆಯಿಂದ ಜಾರುವ ಹೊತ್ತಿಗೆ ಮೇಲಿನ ಗವಿಯ ಬಾಯಲ್ಲಿ ಒಂದು ನೆರಳು ಅಲುಗಾಡುತ್ತದೆ.